ಹದಿನಾಲ್ಕನೆಯ ಕಂಬದ ಗದ್ದಲ

ನಮ್ಮ ಬಡಾವಣೆಗೆ ವಿದ್ಯುತ್ ಹಂಚುವ ಕಚೇರಿಯ ಮುಖ್ಯ ಎಂಜಿನಿಯರರಾದ ಮಾನ್ಯರೇ,

ನಮ್ಮ ಬೀದಿಯ ಹದಿನಾಲ್ಕನೆಯ ಕಂಬದ ಮೇಲೆ ತಂತಿಯನ್ನು ಹಿಡಿದಿರುವ ಪಿಂಗಾಣಿ ಇನ್ಸುಲೇಟರ್ ಬಿರುಕು ಬಿಟ್ಟಿದೆ. ಆ ಬಿರುಕಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿ ಸದಾ ಹಾರುತ್ತಿರುತ್ತದೆ. ಅದರಿಂದ ಯಾರ ಮನೆಯ ದೀಪವೂ ಆರಿಲ್ಲ, ಯಾರ ಫ್ಯಾನೂ ನಿಂತಿಲ್ಲ. ನನ್ನ ಮಾಳಿಗೆಯ ರೇಡಿಯೋದಲ್ಲಿ ಮಾತ್ರ, ಕಾದ ಎಣ್ಣೆಗೆ ನೀರು ಬಿದ್ದಂಥ ಚಟಪಟ ಸದ್ದು ಐದು ತಿಂಗಳಿಂದ ನಿಂತಿಲ್ಲ. ಆ ಸದ್ದಿನ ಹಿಂದೆ ವೃದ್ಧರೊಬ್ಬರು ನನಗೆ ಏನನ್ನೋ ಹೇಳಲು ಹೆಣಗುತ್ತಿದ್ದಾರೆ. ಅವರ ಬಳಿ ಹೆಚ್ಚು ಭಾನುವಾರಗಳು ಉಳಿದಿಲ್ಲ.

ನಾನು ಕನ್ನಡಕದ ಅಂಗಡಿ ನಡೆಸುವವನು. ಸರ್ಕಾರದ ಪರವಾನಗಿ ಪಡೆದು ಇಪ್ಪತ್ತೆರಡು ವರ್ಷದಿಂದ ಹವ್ಯಾಸಿ ರೇಡಿಯೋ ಕೇಂದ್ರವೊಂದನ್ನೂ ಇಟ್ಟುಕೊಂಡಿದ್ದೇನೆ. ಕೇಂದ್ರ ಎಂದರೆ ದೊಡ್ಡದೇನಲ್ಲ. ಒಂದು ಮೇಜು, ಒಂದು ಪೆಟ್ಟಿಗೆ, ಮಾಳಿಗೆಯಿಂದ ಮರಕ್ಕೆ ಎಳೆದ ಒಂದು ತಂತಿ. ಈ ಇಪ್ಪತ್ತೆರಡು ವರ್ಷವೂ ಪ್ರತಿ ಭಾನುವಾರ ಬೆಳಿಗ್ಗೆ ಏಳೂಕಾಲಿಗೆ ನಾನು ಮಾತಾಡುತ್ತಾ ಬಂದಿರುವುದು, ದೂರದ ದ್ವೀಪವೊಂದರಲ್ಲಿ ದೀಪಸ್ತಂಭ ಕಾಯುತ್ತಿದ್ದ ಒಬ್ಬರೊಡನೆ. ಅವರನ್ನು ದೀಪದಣ್ಣ ಎಂದು ಕರೆಯುತ್ತೇನೆ. ಒಬ್ಬರ ಮುಖವನ್ನು ಒಬ್ಬರು ನೋಡಿಲ್ಲ. ನನ್ನ ಮದುವೆ ಮುರಿಯಲಿದ್ದ ಒಂದು ವರ್ಷ, ಅದು ಮುರಿಯದಂತೆ ನೋಡಿಕೊಂಡವರು ಅವರು. ಅದೂ ಹವಾಮಾನದ ಬಗ್ಗೆಯಷ್ಟೇ ಮಾತಾಡಿ. ಮೊದಲು ಅವರ ದೃಷ್ಟಿ ಹೋಯಿತು. ಕಳೆದ ವರ್ಷ ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಧ್ವನಿ ಹೋಯಿತು. ಉಳಿದದ್ದು ಬಲಗೈ. ಮೋರ್ಸ್ ಕೀಲಿ ಒತ್ತಿ ಚುಕ್ಕೆ ಗೆರೆಗಳಲ್ಲಿ ಮಾತಾಡುತ್ತಾರೆ. ಅವರ ಮನೆಯಲ್ಲಿ ಆ ಭಾಷೆ ಬೇರೆ ಯಾರಿಗೂ ಬಾರದು.

ಸದ್ದು ಶುರುವಾದಾಗ ನಾನು ಮೊದಲು ಸಂಶಯಪಟ್ಟದ್ದು ನಿಮ್ಮನ್ನಲ್ಲ, ನನ್ನ ಮನೆಯನ್ನೇ. ಇದು ನಮ್ಮ ಹವ್ಯಾಸದ ಶಿಸ್ತು. ಮೇನ್ ಸ್ವಿಚ್ ಆರಿಸಿ, ರೇಡಿಯೋವನ್ನು ಬ್ಯಾಟರಿಯ ಮೇಲೆ ನಡೆಸಿ, ಆಮೇಲೆ ಮೇನ್ ಹಾಕಿ ಒಂದೊಂದೇ ವಸ್ತುವನ್ನು ಹಚ್ಚುತ್ತಾ ಕೇಳಬೇಕು. ಮೊಬೈಲ್ ಚಾರ್ಜರು ಗೊಣಗುತ್ತಿತ್ತು, ಅಡುಗೆಮನೆಯ ಎಲ್‌ಇಡಿ ಬಲ್ಬು ಕಿರುಗುಟ್ಟುತ್ತಿತ್ತು. ಬಲ್ಬು ಬದಲಿಸಿದೆ. ಸದ್ದು ಹೀರುವ ಕಪ್ಪು ಉಂಗುರಗಳನ್ನು ತಂದು ವೈರುಗಳಿಗೆ ತೊಡಿಸಿದೆ. “ಮನೆಯ ವೈರುಗಳಿಗೆಲ್ಲ ಉಂಗುರ ಆಯ್ತು, ಇನ್ನು ನಾನೊಬ್ಬಳು ಬಾಕಿ,” ಎಂದಳು ಹೆಂಡತಿ. ನಂತರ ಪಕ್ಕದ ಮನೆಯ ದರ್ಜಿಯ ಬಳಿ ಹೋದೆ. ಅವರ ಹೊಲಿಗೆ ಯಂತ್ರದ ಮೋಟಾರಿನದೂ ಒಂದು ಪಾಲಿತ್ತು. ಮುಜುಗರದಿಂದಲೇ ಹೇಳಿದೆ. ಅವರು ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ತೆಗೆದಿಟ್ಟು, “ಅಷ್ಟೇನಾ ಸಾರ್? ಭಾನುವಾರ ಎಂಟರ ತನಕ ಮೋಟಾರ್ ಹಾಕಲ್ಲ, ಕಾಲಲ್ಲೇ ತುಳೀತೀನಿ. ಹೊಟ್ಟೆನಾದ್ರೂ ಕರಗುತ್ತೆ,” ಎಂದರು. ಅಂದಿನಿಂದ ತುಳಿಯುತ್ತಿದ್ದಾರೆ. ಅವರ ಹೊಟ್ಟೆ ಕರಗಲಿಲ್ಲ, ನನ್ನ ಸದ್ದೂ ಕರಗಲಿಲ್ಲ.

ಕೊನೆಗೆ ಕೈ ರೇಡಿಯೋ ಹಿಡಿದು ಬೀದಿಗಿಳಿದೆ. ಇಸ್ತ್ರಿ ಅಂಗಡಿಯ ಎದುರಿನ ಹದಿನಾಲ್ಕನೆಯ ಕಂಬದ ಬುಡಕ್ಕೆ ಬಂದಾಗ ಸದ್ದು ಎಷ್ಟು ಜೋರಾಯಿತೆಂದರೆ, ಇಸ್ತ್ರಿಯವರು ಬಟ್ಟೆ ಸುಟ್ಟಿತೇ ಎಂದು ಬಗ್ಗಿ ನೋಡಿದರು.

ನಿಮ್ಮ ಕಚೇರಿಗೆ ಬಂದೆ. ದೂರಿನ ನಮೂನೆಯಲ್ಲಿ ನಾಲ್ಕು ಬಗೆಯ ಸಂಕಟಗಳಿಗೆ ಮಾತ್ರ ಅವಕಾಶವಿದೆ: ವಿದ್ಯುತ್ ಇಲ್ಲ, ವೋಲ್ಟೇಜ್ ಕಡಿಮೆ, ತಂತಿ ತುಂಡಾಗಿದೆ, ಮೀಟರ್ ಕೆಟ್ಟಿದೆ. ಕೌಂಟರಿನ ಗುಮಾಸ್ತರು ಸಹೃದಯರು. ಸ್ವಲ್ಪ ಯೋಚಿಸಿ ‘ವೋಲ್ಟೇಜ್ ಕಡಿಮೆ’ ಎಂದು ಬರೆದುಕೊಂಡರು. ಲೈನ್‌ಮನ್ ಬಂದು ನನ್ನ ಮನೆಯ ವೋಲ್ಟೇಜ್ ಅಳೆದರು. ಅದು ಸರಿಯಾಗಿತ್ತು, ಮೊದಲೂ ಸರಿಯಾಗಿತ್ತು. ಕಂಬ ತೋರಿಸಿದೆ. “ದೀಪ ಉರೀತಿದೆಯಲ್ಲ ಸಾರ್. ಸದ್ದು ನಿಮ್ಮ ಡಬ್ಬದಲ್ಲಿದೆ, ನಮ್ಮ ಕಂಬದಲ್ಲಿಲ್ಲ,” ಎಂದು ಹೊರಟುಹೋದರು. ಸಂಜೆ ನನ್ನ ಫೋನಿಗೆ ಸಂದೇಶ ಬಂತು: ನಿಮ್ಮ ದೂರನ್ನು ಪರಿಹರಿಸಲಾಗಿದೆ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ಅಂಕ? ಹೀಗೆ ಮೂರು ಸಲ ದೂರು ಕೊಟ್ಟೆ, ಮೂರು ಸಲವೂ ಪರಿಹಾರವಾಯಿತು. ಮೊದಲ ಸಲ ನಾನು ಐದು ಅಂಕ ಕೊಟ್ಟೆ. ಯಾಕೆ ಕೊಟ್ಟೆ ಎಂಬುದನ್ನು ಹೇಳದಿದ್ದರೆ ಈ ಪತ್ರ ಪ್ರಾಮಾಣಿಕವಾಗುವುದಿಲ್ಲ.

ನಮ್ಮಲ್ಲೊಂದು ಪದ್ಧತಿಯಿದೆ. ಎದುರಿನವರ ಮಾತು ಎಷ್ಟು ಸ್ಪಷ್ಟ, ಎಷ್ಟು ಬಲವಾಗಿ ಬರುತ್ತಿದೆ ಎಂಬುದಕ್ಕೆ ಅಂಕ ಹೇಳಬೇಕು. ಸೌಜನ್ಯಕ್ಕಾಗಿ ಎಲ್ಲರೂ ಎಲ್ಲರಿಗೂ ಪೂರ್ತಿ ಅಂಕ ಕೊಡುತ್ತಾರೆ. ಅಂಗಡಿಯಲ್ಲಿಯೂ ಇಂಥವರನ್ನು ದಿನವೂ ನೋಡುತ್ತೇನೆ. ಕಣ್ಣು ಪರೀಕ್ಷೆಯ ಫಲಕದ ಕೊನೆಯ ಸಾಲು ಕಾಣದಿದ್ದರೂ, ನನಗೆ ಬೇಸರವಾದೀತೆಂದು ಕಾಣುತ್ತದೆ ಎನ್ನುತ್ತಾರೆ. ಏಳು ವಾರಗಳ ಹಿಂದಿನ ಭಾನುವಾರ ದೀಪದಣ್ಣ ಎಂದಿನಂತೆ ಹವಾಮಾನ ಹೇಳದೆ, ನೇರವಾಗಿ ಬೇರೇನನ್ನೋ ಶುರು ಮಾಡಿದರು. ಹತ್ತು ನಿಮಿಷ ಕೀಲಿ ಒತ್ತಿದರು. ನಡುನಡುವೆ ಕೈ ದಣಿದು ನಿಲ್ಲುತ್ತಿದ್ದುದು ಗೊತ್ತಾಗುತ್ತಿತ್ತು. ಚಟಪಟದ ನಡುವೆ ನನ್ನ ಕಿವಿಗೆ ದಕ್ಕಿದ್ದು ‘ಮಗಳಿಗೆ ಹೇಳಬೇಡ’ ಎಂಬುದಷ್ಟೆ. ಕೇಳಿಸಿತೇ ಎಂದರು. ಪೂರ್ತಿ ಅಂಕ ಕೊಟ್ಟೆ. ಎಲ್ಲವೂ ಕೇಳಿಸಿತು ಎಂದೂ ಸೇರಿಸಿದೆ. ದಣಿದ ಕೈಗೆ ಮತ್ತೆ ಹೇಳು ಎನ್ನಲು ಮನಸ್ಸು ಬರಲಿಲ್ಲ. ಅದನ್ನು ನಾನು ಕರುಣೆ ಎಂದುಕೊಂಡೆ.

ಅವರ ಮನೆಯಲ್ಲಿ ಮೊಬೈಲ್ ಸಿಗುವುದಿಲ್ಲ. ಅವರ ಮಗಳು ದ್ವೀಪದ ಸಂತೆಗೆ ಹೋದಾಗ ಅಲ್ಲಿಂದ ಕರೆ ಮಾಡುತ್ತಾಳೆ. ಆ ವಾರ ಮಾಡಿದಳು. “ಚಿಕ್ಕಪ್ಪ, ‘ಅವನಿಗೆ ಎಲ್ಲಾ ಕೇಳಿಸ್ತಂತೆ’ ಅಂತ ಅಪ್ಪ ಹಲಗೆ ಮೇಲೆ ಅಂದಾಜಿಗೆ ಬರೆದು ತೋರಿಸಿದ್ರು. ಅವತ್ತಿಂದ ಚೆನ್ನಾಗಿ ನಿದ್ದೆ ಮಾಡ್ತಿದಾರೆ. ಏನು ಹೇಳಿದ್ರು ನಿಮಗೆ?”

“ಹವಾಮಾನದ ಮಾತಮ್ಮ,” ಎಂದೆ.

ಅವಳು, ವೈದ್ಯರು ಈಗ ತಿಂಗಳುಗಳ ಮಾತು ಬಿಟ್ಟು ವಾರಗಳ ಮಾತಾಡುತ್ತಿದ್ದಾರೆ ಎಂದಳು.

ಮುಂದಿನ ಭಾನುವಾರ ದೀಪದಣ್ಣನಿಗೆ ನನ್ನ ಸುಳ್ಳನ್ನು ಒಪ್ಪಿಸಿದೆ. ಅವರು ಮತ್ತೆ ಮೊದಲಿನಿಂದ ಶುರು ಮಾಡಿದರು. ಅಂದಿನಿಂದ ಪ್ರತಿ ವಾರವೂ ಅದನ್ನೇ ಹೇಳುತ್ತಿದ್ದಾರೆ, ಪ್ರತಿ ವಾರವೂ ಇನ್ನಷ್ಟು ನಿಧಾನವಾಗಿ. ನನ್ನ ದಾಖಲೆ ಪುಸ್ತಕದಲ್ಲಿ ಈವರೆಗೆ ಮೂರು ತುಂಡುಗಳಿವೆ: ‘ಮಗಳಿಗೆ ಹೇಳಬೇಡ’, ‘ನೀನೇ’, ‘ದೋಣಿ ಬಂದ ಮೇಲೆ’. ಇವುಗಳ ನಡುವಿನದೆಲ್ಲ ನಿಮ್ಮ ಕಂಬದಲ್ಲಿದೆ.

ಹೋಗಿ ಕೇಳಬಾರದೇ ಎನ್ನುತ್ತೀರಿ. ಸಮುದ್ರ ಏರಿದೆ, ಇನ್ನು ಎರಡು ತಿಂಗಳು ದೋಣಿಯಿಲ್ಲ. ಬೇರೆ ಹವ್ಯಾಸಿಯಿಂದ ಕೇಳಿಸಬಾರದೇ? ಸ್ವಂತ ಮಗಳಿಗೂ ಹೇಳದ ಮಾತನ್ನು ಯಾರ ಕಿವಿಗೆ ವಹಿಸಲಿ? ಕೇಂದ್ರವನ್ನು ಬೇರೆಡೆ ಒಯ್ಯಬಾರದೇ? ಅದಕ್ಕೆ ಇನ್ನೊಂದು ಕಚೇರಿಯ ಅನುಮತಿ ಬೇಕು, ಅವರ ಕುರಿತು ಪ್ರತ್ಯೇಕ ಪತ್ರವನ್ನೇ ಬರೆಯಬೇಕು. ಮಳೆ ಬಂದರೆ ಬಿರುಕು ನೆನೆದು ಸದ್ದು ಅಡಗುತ್ತದೆ. ಒಂದು ಮಂಗಳವಾರ ಹಾಗಾಯಿತು. ಇಪ್ಪತ್ತು ನಿಮಿಷ ಲೋಕವೆಲ್ಲ ಕೇಳಿಸಿತು, ಅವರೊಬ್ಬರು ಇರಲಿಲ್ಲ. ಭಾನುವಾರ ಏಳೂಕಾಲಿಗೆ ಮಳೆ ಬೇಕೆಂದು ಯಾವ ಕೌಂಟರಿನಲ್ಲಿ ಅರ್ಜಿ ಕೊಡಲಿ? ಅವರ ಗುಟ್ಟಿನ ಅಂಚನ್ನು ಹೀಗೆ ಬಯಲಲ್ಲಿಡುತ್ತಿರುವುದು ಕೂಡ, ಈ ಬಹಿರಂಗ ಪತ್ರ ಅಚ್ಚಾಗುವ ಪತ್ರಿಕೆ ಆ ದ್ವೀಪ ತಲುಪಲು ದೋಣಿ ಬೇಕು ಎಂಬ ಒಂದೇ ಧೈರ್ಯದಿಂದ.

ಆದ್ದರಿಂದ ಮಾನ್ಯರೇ, ಆ ಇನ್ಸುಲೇಟರನ್ನು ಬದಲಿಸಿ. ಈ ವಾರ ಅದಾಗದಿದ್ದರೆ, ಬರುವ ಭಾನುವಾರ ಬೆಳಿಗ್ಗೆ ಏಳೂಕಾಲಿನಿಂದ ಏಳೂವರೆಯವರೆಗೆ ನಮ್ಮ ಬೀದಿಯ ಲೈನನ್ನು ಆರಿಸಿ. ತಂತಿಯಲ್ಲಿ ವಿದ್ಯುತ್ ಇಲ್ಲದಿದ್ದರೆ ಕಿಡಿಯೂ ಇಲ್ಲ, ನನ್ನ ರೇಡಿಯೋ ಬ್ಯಾಟರಿಯ ಮೇಲೆ ನಡೆಯುತ್ತದೆ. ಕೇಳದೆ ಎಷ್ಟೋ ಸಲ ಆರಿಸಿದ್ದೀರಿ, ಒಂದು ಸಲ ಕೇಳಿದ್ದಕ್ಕೆ ಆರಿಸಿ. ದರ್ಜಿ, ಇಸ್ತ್ರಿಯವರು, ನನ್ನ ಹೆಂಡತಿ ಮತ್ತು ಬೀದಿಯ ಇತರ ಮೂವತ್ತೊಂದು ಮನೆಗಳವರು ಒಪ್ಪಿ ಸಹಿ ಹಾಕಿದ ಹಾಳೆ ನಿಮ್ಮ ಮೇಜಿನ ಮೇಲಿದೆ. ಅವರು ಯಾರೂ ಯಾಕೆಂದು ಎರಡನೆಯ ಸಲ ಕೇಳಲಿಲ್ಲ.

ಎರಡೂ ಆಗದಿದ್ದರೆ ದಯವಿಟ್ಟು ‘ಪರಿಹರಿಸಲಾಗಿದೆ’ ಎಂದು ಮಾತ್ರ ಬರೆಯಬೇಡಿ. ‘ನಿಮ್ಮ ಮಾತು ನಮಗೆ ಕೇಳಿಸಲಿಲ್ಲ’ ಎಂದು ಬರೆಯಿರಿ. ಅದು ಕಷ್ಟದ ವಾಕ್ಯ. ಅದನ್ನು ನಾನು ಒಂದು ಭಾನುವಾರ ತಡವಾಗಿ ಹೇಳಿದ್ದಕ್ಕೆ, ದೀಪದಣ್ಣನ ಕೈಯಲ್ಲಿ ಅಂದು ಇನ್ನೂ ಇದ್ದ ಬಲ ಇಂದು ಇಲ್ಲ. ಈ ಭಾನುವಾರವೂ ಅವರು ಕೀಲಿ ಒತ್ತುತ್ತಾರೆ. ನಾನು ಮೇಜಿನ ಮುಂದೆ ಕೂತಿರುತ್ತೇನೆ. ಫ್ಯಾನು ನಿಲ್ಲುತ್ತದೆಯೇ ಎಂದು ತಲೆಯೆತ್ತಿ ನೋಡುತ್ತಿರುತ್ತೇನೆ.

ಇಂತಿ,
ನಿಮ್ಮ ಕಡತದಲ್ಲಿ ಮೂರು ಸಲ ಪರಿಹಾರವಾದವನು