ಮಸ್ಕತ್ತಿನ ಬಾಟ್ಲಿ, ನಿನ್ನ ಒಳಲೆ

ಅವ್ವಾ,

ಕುರಿ ಹೊಡೆದುಕೊಂಡು ಬಂದಾಗ ತೊಟ್ಟಿಲು ಖಾಲಿ ಇರುವುದನ್ನು ಕಂಡು ಗಾಬರಿಯಾಗಬೇಡ. ಪಾಪುವನ್ನು ಧರ್ಮಪುರಿಯ ಡಾಕ್ಟರಿಗೆ ತೋರಿಸಲು ಹೊರಟಿದ್ದೇನೆ. ಆಡಿಕೊಂಡೇ ಇದ್ದಾನೆ.

ಮಸ್ಕತ್ತಿನಲ್ಲಿ ಪಾಪುವಿಗೆ ಬರೆದುಕೊಟ್ಟು ನಾನು ಇಲ್ಲಿಗೆ ತಂದ ಜ್ವರದ ಔಷಧಿ ನಮ್ಮ ಪೆನ್ನಾಗರಂ ಅಂಗಡಿಯದಕ್ಕಿಂತ ಎರಡರಷ್ಟು ಪವರಿನದಂತೆ. ನೀನು ಎಂದಿನಂತೆ, ಹಾಲು ಕುಡಿಸುವ ನಿನ್ನ ಒಳಲೆಯಲ್ಲಿ ಅರ್ಧ ತುಂಬಿ ಕುಡಿಸಿದ್ದೀಯ. ಫೋನಿನಲ್ಲಿ ಡಾಕ್ಟರು, "ಭಯ ಬೇಡ, ಆದರೂ ಬಾಟ್ಲಿ ಸಮೇತ ಬನ್ನಿ" ಎಂದರು.

"ಐದು ಮಕ್ಳ್ನ ಇದ್ರಲ್ಲೇ ಸಾಕಿವ್ನಿ, ನಂಗೊತ್ತಿಲ್ವಾ?" ಎಂದು ನೀನು ಅಂದಾಗ ನಾನು ರೇಗಿಬಿಟ್ಟೆ. ಆಮೇಲೆ ನೋಡಿದರೆ ಬಾಟ್ಲಿಯ ಮೇಲೆ ಇರುವುದೆಲ್ಲ ಅರಬ್ಬಿ, ಇಂಗ್ಲಿಷು. ಓದಬಲ್ಲವಳು ನಾನು. ಎಷ್ಟು ಕುಡಿಸಬೇಕೆಂದು ನಿನಗೆ ಹೇಳದೆ ಗೂಡಿನಲ್ಲಿಟ್ಟವಳೂ ನಾನೇ.

ಮುದ್ದೆ ಮುಚ್ಚಿಟ್ಟಿದ್ದೇನೆ, ಸಾರು ಬಿಸಿ ಮಾಡಿಕೋ. ಉಪವಾಸ ಬಾಗಿಲಲ್ಲಿ ಕೂತು ನನ್ನ ಹೊಟ್ಟೆ ಉರಿಸಬೇಡ.

ಸಿಟ್ಟಿನಲ್ಲಿ ಒಳಲೆಯನ್ನು ಅಟ್ಟಕ್ಕೆ ಎಸೆದುಬಿಡಬೇಡ, ತೊಳೆದಿಡು. ಬರುವಾಗ ಔಷಧಿ ಅಳೆಯುವ ಸಿರಿಂಜ್ ತರುತ್ತೇನೆ. ಇನ್ನು ಮೇಲೆ ಅಳೆದು ಒಳಲೆಗೆ ಹಾಕುವುದು ನನ್ನ ಕೆಲಸ, ಕುಡಿಸುವುದು ನಿನ್ನದು. ನಾನು ಕುಡಿಸಿದರೆ ಅವನು ಉಗಿಯುತ್ತಾನೆ.

ಮೇನಕಾ