ನಾನು ಹತ್ತದ ದೋಣಿ

ನವೆಂಬರ್ ೯, ಭಾನುವಾರ

ನಿದ್ದೆ ಹತ್ತಿರ ಸುಳಿಯುತ್ತಿಲ್ಲ. ಪಕ್ಕದಲ್ಲಿ ಇವರ ಗೊರಕೆ. ನನ್ನ ಎಡಗೈ ಹಿಡಿದೇ ಮಲಗಿದ್ದಾರೆ; ಬಲಗೈಯಲ್ಲಿ ಇದನ್ನು ಗೀಚುತ್ತಿದ್ದೇನೆ.

ಪ್ರವಾಸಕ್ಕೆಂದು ಬಂದರೂ ಬೆಳಗಿನಿಂದ ಇವರದು ಒಂದೇ ಆತುರ. ಕೋಟೆಯಲ್ಲಿ ಒಂದು ಫೋಟೊ, ‘ಆಯ್ತಾ, ನಡಿ ನಡಿ.’ ದ್ವೀಪದಲ್ಲೂ ಕಾಲಿಗೆ ಚಕ್ರ. ದೀಪಸ್ತಂಭದ ಮೇಲೆ ನಾನು ಗಾಳಿಗೆ ಮುಖ ಒಡ್ಡುವಷ್ಟರಲ್ಲಿ ಇವರು ಇಳಿದಾಗಿತ್ತು. ನಾನು ಹಿಂದೆಯೇ ಇದ್ದೇನೆಂದುಕೊಂಡು, ಮಾತಾಡುತ್ತಲೇ ದೋಣಿ ಹತ್ತಿದರು. ದೋಣಿ ಹೊರಟೇಬಿಟ್ಟಿತು.

ಮುಂದಿನ ದೋಣಿಯಲ್ಲಿ ಬೆವರು ಒರೆಸಿಕೊಳ್ಳುತ್ತ ವಾಪಸು ಬಂದರು. ‘ಎಲ್ಲೇ ಹೋಗಿದ್ದೆ? ಜೀವ ಬಾಯಿಗೆ ಬಂದಿತ್ತು ಕಣೇ!’

‘ನನಗೂ ಕೈಕಾಲೇ ಆಡ್ಲಿಲ್ಲ ರೀ,’ ಎಂದೆ.

ಸುಳ್ಳು. ದೋಣಿ ತುಂಬುವುದನ್ನು ಮೇಲಿನಿಂದ ನೋಡುತ್ತಲೇ ಇದ್ದೆ. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಹಾಕಲಿಲ್ಲ, ಗೋಡೆಯ ಮರೆಗೆ ಸರಿದು ನಿಂತೆ. ಆಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು, ಯಾರ ಹಿಂದೆಯೂ ಓಡದೆ, ಇಡೀ ದ್ವೀಪ ಸುತ್ತಿದೆ. ಹಾಡಿಕೊಂಡೆ ಕೂಡ. ಪಾಪ, ಆ ದಡದಲ್ಲಿ ಇವರು ಹೆದರಿ ಸಾಯುತ್ತಿದ್ದರು. ನನಗೆ ಇವರ ನೆನಪೇ ಆಗಲಿಲ್ಲ. ಅದೇ ಈಗ ಕೊರೆಯುತ್ತಿದೆ.

ದ್ವೀಪದ ದೀಪಸ್ತಂಭದ ಬೆಳಕು ಈ ಲಾಡ್ಜಿನ ಕಿಟಕಿಯಿಂದ ಬಂದು ಗೋಡೆ ಸವರಿ ಹೋಗುತ್ತದೆ. ಮತ್ತೆ ಬಂದು ಹುಡುಕುತ್ತದೆ, ಇವರ ಹಾಗೆಯೇ. ಎಬ್ಬಿಸಿ ನಿಜ ಹೇಳಿಬಿಡಲೇ?

ಮಲಗುವ ಮುಂಚೆ ಎಷ್ಟು ಪ್ರೀತಿಯಿಂದ ಹೇಳಿದರು: ‘ನಾಳೆ ಇನ್ನೂ ಎರಡು ಕೋಟೆ ಇವೆ. ನಿನ್ನ ಕೈ ಮಾತ್ರ ಬಿಡಲ್ಲ ನಾನು.’

ಕೈ ಬೆವರುತ್ತಿದೆ. ಈಗಷ್ಟೇ ಮೆಲ್ಲಗೆ ಒಂದು ಬೆರಳು ಬಿಡಿಸಿಕೊಂಡೆ.

ಗೊರಕೆ ನಿಂತಿತು.