ಹಕ್ಕಿಗಡ್ಡೆಗೆ ಈಗ ಕಾಲಿಡಬೇಡಿ

ನದಿತೀರ ಅಭಿವೃದ್ಧಿ ಕೋಶದ ಮುಖ್ಯಸ್ಥರೇ,

ಹರಿಹರದ ಆಚೆ, ತುಂಗಭದ್ರೆಯ ನಡುವೆ ಇರುವ ಹಕ್ಕಿಗಡ್ಡೆಯಲ್ಲಿ ಬರುವ ಸೋಮವಾರ ನೀವು ಬಂಡೆ ಕೊರೆಸಲಿದ್ದೀರಿ. ದೋಣಿಕಟ್ಟೆ, ಗೋಪುರ, ಹಕ್ಕಿ ನೋಡಲು ಕಲ್ಲುಬೆಂಚು! ನೋಡಲು ಹಕ್ಕಿಯೇ ಉಳಿಯುವುದಿಲ್ಲ ಎಂಬ ಸಣ್ಣ ಅಡಚಣೆ ಮಾತ್ರ ನಿಮ್ಮ ನಕ್ಷೆಯಲ್ಲಿ ಕಾಣುವುದಿಲ್ಲ. ಹೊಳೆಯಲ್ಲಿ ಮೀನು ಹಿಡಿದು ಬದುಕುವ ಅಲ್ಲಿನ ರೀವ ಹಕ್ಕಿ ಗೂಡು ಕಟ್ಟುವುದಿಲ್ಲ. ಬರೀ ಮರಳಿನ ಮೇಲೆ, ಬಂಡೆಯ ಸಂದಿನಲ್ಲಿ ಮೊಟ್ಟೆ ಇಡುತ್ತದೆ.

ಅಲ್ಲೊಂದು ವೀರಗಲ್ಲಿದೆ. ಪ್ರವಾಹದಲ್ಲಿ ಜನರನ್ನು ದಾಟಿಸುತ್ತಲೇ ಸತ್ತ ಅಂಬಿಗನದು ಎನ್ನುತ್ತಾರೆ. ಅಂದಿನಿಂದಲೋ ಏನೋ, ಶಿವರಾತ್ರಿ ಕಳೆದ ಮೇಲೆ ಹೊಳೆಗೆ ಹೊಸ ನೀರು ಬರುವವರೆಗೆ ಯಾವ ಹರಿಗೋಲೂ ಗಡ್ಡೆಗೆ ತಾಗುವುದಿಲ್ಲ. ಬಲೆ ಸಿಕ್ಕಿಕೊಂಡರೆ ಬಲೆಯನ್ನೇ ಬಿಟ್ಟು ಬರುತ್ತಾರೆ. ಇದಕ್ಕೆ ಯಾವ ಇಲಾಖೆಯ ಸುತ್ತೋಲೆ ಬೇಕಾಗಿತ್ತು?

ಆ ಕಟ್ಟಳೆ ಮುರಿದವಳು ನಾನು. ಗಡ್ಡೆಗೆ ರಕ್ಷಣೆ ಕೊಡಿ ಎಂದು ನಿಮಗೆ ಅರ್ಜಿಯ ಮೇಲೆ ಅರ್ಜಿ ಬರೆದೆ. ಕಣ್ಣಾರೆ ನೋಡಿದರೆ ನಿಮ್ಮ ಮನಸ್ಸು ಕರಗೀತೆಂದು ಏಪ್ರಿಲ್‌ನ ಒಂದು ಮಧ್ಯಾಹ್ನ ನಿಮ್ಮನ್ನು ಗಡ್ಡೆಗೆ ಕರೆದೊಯ್ಯಲು ಹೊರಟೆ. ಹರಿಗೋಲಿನ ಗಿರಿಯಮ್ಮ ಒಪ್ಪಲಿಲ್ಲ.

"ಬಾಣಂತಿ ಕೋಣಿಗೆ ಊರಾನ ಗಂಡಸ್ರನ್ನ ಕರ್ಕಂಡು ಹೋಗ್ತೀಯೇನವ್ವಾ? ಭಾಳ ಓದಿದಿ ಬಿಡು!"

"ಅಜ್ಜಿ, ಸಾಹೇಬ್ರು ನೋಡಿದ್ರೆ ಉಳಿಸ್ತಾರೆ."

"ಸಾಹೇಬ್ರು ನೋಡಿದ್ದು ಉಳದದ್ದು ನಾನಂತೂ ಕಾಣೆ."

ಕರಪತ್ರ ಓದಿ ಬುದ್ಧಿ ಕಲಿತವಳು ನಾನು. ಅವರದು ಮೂಢನಂಬಿಕೆ ಎಂದುಕೊಂಡು ಬೇರೆ ದೋಣಿ ಹಿಡಿದೆ.

ನೆನಪಿದೆಯೇ? ನೀವು ಇಳಿದೊಡನೆ ಹಕ್ಕಿಗಳೆಲ್ಲ ಎದ್ದು ತಲೆಯ ಮೇಲೆ ಕಿರುಚಾಡಿದವು. ನಿಮ್ಮ ಎಂಜಿನಿಯರ್ "ಸ್ಪಾಟ್ ಭಾರಿ ಐತೆ ಸರ್, ಸಂಡೆ ಜನ ಮುಗಿಬೀಳ್ತಾರೆ" ಎಂದರು. ನೀವು ವೀರಗಲ್ಲಿಗೆ ಒರಗಿ ಫೋಟೋ ತೆಗೆಸಿಕೊಂಡಿರಿ. ಮುಕ್ಕಾಲು ಗಂಟೆ ಕಳೆಯಿತು. ಆ ಬಿಸಿಲಿನಲ್ಲಿ ತಾಯಿಯ ನೆರಳಿಲ್ಲದ ಮೊಟ್ಟೆ ಏನಾಗುತ್ತದೆಂದು ನಮಗಿಬ್ಬರಿಗೂ ತಿಳಿದಿರಲಿಲ್ಲ, ಗಿರಿಯಮ್ಮನಿಗೆ ತಿಳಿದಿತ್ತು. ಈಗ ಗಡ್ಡೆಯ ಆಚೆ ಬದಿಯಲ್ಲಿ ಮರಿಗಳು ಓಡಾಡುತ್ತಿವೆ. ನಾವು ನಿಂತಿದ್ದ ಬದಿಯಲ್ಲಿ ಒಂದೂ ಇಲ್ಲ. ದಡದಿಂದ ದುರ್ಬೀನು ಹಿಡಿದು ದಿನಾ ನೋಡುತ್ತೇನೆ: ಹಕ್ಕಿಗಳು ಸತ್ತ ಮೊಟ್ಟೆಗಳ ಮೇಲೆ ಇನ್ನೂ ಕಾವು ಕೂತಿವೆ.

ಸೋಮವಾರದ ಕೆಲಸ ನಿಲ್ಲಿಸಿ. ಉಳಿದ ಮರಿಗಳಿಗೆ ಇನ್ನೂ ರೆಕ್ಕೆ ಬಲಿತಿಲ್ಲ. ಯೋಜನೆಯನ್ನೇ ರದ್ದುಮಾಡಿ. "ಸ್ಥಳೀಯರ ಕೋರಿಕೆಯ ಮೇರೆಗೆ" ಎಂದು ಬರೆದು ನಿಮ್ಮ ವರದಿಗೆ ರಕ್ಷಣೆ ಕೇಳಿದ್ದ ನನ್ನ ಅರ್ಜಿಯನ್ನೇ ಲಗತ್ತಿಸಿದ್ದೀರಿ. ಆ ಕೋರಿಕೆಯನ್ನು ಇಂದು ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಹಿಂಪಡೆಯುತ್ತಿದ್ದೇನೆ. ಇನ್ನು ಯಾರ ಕೋರಿಕೆಯ ಮೇರೆಗೆ ಕೊರೆಯುತ್ತೀರಿ?

ಇಂತಿ,
ಹೊಳೆದಂಡೆಯವರಿಗೆ ಮುಖ ತೋರಿಸಲಾರದ
ಚೌಡೇಶ್ವರಿ, ಶಾಮನೂರು